ಎದೆ ಒಡೆದು ಸತ್ತನೇ, ವಿಷವೇರಿ ಸತ್ತನೇ?

ಗದ್ದೆಯ ಬದುವಿನಲ್ಲಿ ಹಾವು ಕಚ್ಚಿ ಯಾರಾದರೂ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರೆ ಊರಿನಲ್ಲಿ ಎರಡು ಮಾತು ಹುಟ್ಟುತ್ತವೆ. ‘ವಿಷ ತಲೆಗೇರಿಬಿಟ್ಟಿತು’ ಅನ್ನುವವರು ಕೆಲವರು. ‘ವಿಷವೂ ಇಲ್ಲ ಗಿಷವೂ ಇಲ್ಲ, ಹೆದರಿ ಎದೆ ಒಡೆದುಕೊಂಡ’ ಅನ್ನುವವರು ಕೆಲವರು. ಓದಿಕೊಂಡವರು ಎರಡನೆಯ ಮಾತನ್ನು ನಕ್ಕು ತಳ್ಳಿಹಾಕುವುದುಂಟು. ಅಷ್ಟು ಬೇಗ ನಗಬೇಕಾಗಿಲ್ಲ. ಹಾವಿನ ವಿಷ ಗುಂಡಿಗೆಯನ್ನು ಯಾವ ದಾರಿಯಿಂದ ಮುಟ್ಟುತ್ತದೆ ಎಂದು ವೈದ್ಯವಿಜ್ಞಾನ ಸುಮಾರು ನೂರೈವತ್ತು ವರ್ಷಗಳಿಂದ ಕೇಳಿಕೊಳ್ಳುತ್ತಲೇ ಇದೆ. ಕೈಗೆ ಸಿಕ್ಕಿರುವುದು ಒಂದು ಉತ್ತರವಲ್ಲ, ಐದಾರು ಅರೆ ಉತ್ತರಗಳು. ಅವುಗಳಲ್ಲಿ ಹೆದರಿಕೆಗೂ ಒಂದು ಮೂಲೆಯಲ್ಲಿ ಜಾಗವಿದೆ.

ಪ್ರಶ್ನೆ ಬರೀ ಪಾಂಡಿತ್ಯದ್ದಲ್ಲ. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ‘ಮಿಲಿಯನ್ ಡೆತ್ ಸ್ಟಡಿ’ ಎಂಬ ದೊಡ್ಡ ಸಮೀಕ್ಷೆಯ ಆಧಾರದ ಲೆಕ್ಕ ಅದು. ಆ ಸಮೀಕ್ಷೆಯವರು ಸತ್ತವರ ಮನೆಗೆ ಹೋಗಿ, ಮನೆಯವರನ್ನು ಕೂರಿಸಿ ಕೇಳಿ, ಸಾವಿನ ಕಾರಣ ಗುರುತಿಸಿದರು. ಹಾವು ಕಚ್ಚಿತ್ತೇ ಎಂದರೆ ಮನೆಯವರು ಹೇಳಬಲ್ಲರು. ಕೊನೆಗೆ ಕೈಕೊಟ್ಟದ್ದು ಉಸಿರೋ, ಮೂತ್ರಪಿಂಡವೋ, ಹೃದಯವೋ ಎಂದರೆ ಅವರೇನು ಹೇಳಿಯಾರು? ಹಾಗಾಗಿ ಆ 58,000ದಲ್ಲಿ ಹೃದಯದ ಪಾಲು ಎಷ್ಟೆಂಬ ಕಾಲಂ ಖಾಲಿ.

ಹಳೆಯ ಜಗಳ: ಉಸಿರೋ, ಗುಂಡಿಗೆಯೋ

ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲೂ ಲ್ಯಾಟಿನ್ನಿನಲ್ಲೂ ಯಾರ ಹೆಸರಿದೆಯೋ ಆ ಪ್ಯಾಟ್ರಿಕ್ ರಸೆಲ್, ಕೋರಮಂಡಲ ಕರಾವಳಿಯ ಹಾವುಗಳ ಕುರಿತ ತನ್ನ ಪುಸ್ತಕವನ್ನು 1796ರಲ್ಲಿ ಹೊರತಂದ. ಯಾವುದು ವಿಷದ್ದು, ಯಾವುದು ಅಲ್ಲ ಎಂದು ವಿಂಗಡಿಸುವುದೇ ಆಗಿನ ದೊಡ್ಡ ಕೆಲಸ. ವಿಷ ಒಳಗೆ ಹೋಗಿ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಭಾರತದಲ್ಲಿ ಗಟ್ಟಿಯಾಗಿ ಕೈಹಾಕಿದವನು ಕಲ್ಕತ್ತದ ವೈದ್ಯ ಜೋಸೆಫ್ ಫೇರರ್. 1872ರಲ್ಲಿ ಬಂದ ಅವನ ‘ಥನಟೋಫಿಡಿಯಾ ಆಫ್ ಇಂಡಿಯಾ’ ಚಿತ್ರಗಳ ಸೊಬಗಿಗೆ ಇಂದಿಗೂ ಹೆಸರಾದ ಗ್ರಂಥ. ಅದಾದ ಮೇಲೆ ಫೇರರ್ ಮತ್ತು ಲಂಡನ್ನಿನ ಲಾಡರ್ ಬ್ರಂಟನ್ ಸೇರಿ ನಾಗರಹಾವಿನ ವಿಷವನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿದರು. ಉಸಿರು ನಿಂತ ಪ್ರಾಣಿಗೆ ಕೃತಕವಾಗಿ ಗಾಳಿ ಊದುತ್ತಿದ್ದರೆ ಗುಂಡಿಗೆ ಗಂಟೆಗಟ್ಟಲೆ ಬಡಿಯುತ್ತಲೇ ಇರುವುದನ್ನು ಅವರು ಕಂಡರು. ಅಂದರೆ ನಾಗರ ಕೊಲ್ಲುವುದು ಮುಖ್ಯವಾಗಿ ಉಸಿರು ಕಟ್ಟಿಸಿ. ಹೃದಯ ನಿಲ್ಲುವುದು ಆ ಬಳಿಕ. ನಾಗರ ಕಚ್ಚಿದವರನ್ನು ಇವತ್ತು ವೆಂಟಿಲೇಟರಿಗೆ ಹಾಕುವುದರ ಬೇರು ಈ ಪ್ರಯೋಗದಲ್ಲಿದೆ.

ಆದರೆ ಎಲ್ಲರೂ ಒಪ್ಪಲಿಲ್ಲ. ಮದ್ರಾಸಿನಲ್ಲಿದ್ದ ಆರ್. ಎಚ್. ಎಲಿಯಟ್ 1905ರ ಪ್ರಬಂಧದಲ್ಲಿ ನಾಗರದ ವಿಷ ಉಸಿರಿನ ಹಂಗಿಲ್ಲದೆ ಹೃದಯದ ಸ್ನಾಯುವನ್ನೂ ರಕ್ತನಾಳಗಳನ್ನೂ ನೇರವಾಗಿ ಬಿಗಿಹಿಡಿಯುತ್ತದೆ ಎಂದು ವಾದಿಸಿದ. ದೇಹದಿಂದ ಬೇರ್ಪಡಿಸಿ ಬಡಿಸುತ್ತಿದ್ದ ಹೃದಯದ ಮೇಲೆ ವಿಷ ಬಿದ್ದರೆ ಅದು ಮುಷ್ಟಿ ಕಟ್ಟಿದಂತೆ ಸೆಟೆದು ನಿಲ್ಲುತ್ತಿತ್ತು. ಉಸಿರಿನ ಪಕ್ಷ, ಗುಂಡಿಗೆಯ ಪಕ್ಷ ಎಂದು ಎರಡಾದದ್ದು ಹೀಗೆ. ನೋಡಿದರೆ ಇಬ್ಬರೂ ಕಂಡದ್ದು ನಿಜವೇ. ಫೇರರ್ ಇಡೀ ಪ್ರಾಣಿಯನ್ನು ನೋಡುತ್ತಿದ್ದ, ಎಲಿಯಟ್ ಅಂಗವನ್ನು ನೋಡುತ್ತಿದ್ದ. ಹಾವು ಕಡಿತದ ವಾದಗಳಲ್ಲಿ ಈ ಎರಡು ನೋಟಗಳ ತಿಕ್ಕಾಟ ಇಂದಿಗೂ ನಿಂತಿಲ್ಲ.

ಹೆಸರೇ ದಾರಿ ತಪ್ಪಿಸಿದ ವಿಷ

1947ರಲ್ಲಿ ಎನ್. ಕೆ. ಸರ್ಕಾರ್ ನಾಗರದ ವಿಷದಿಂದ ಹೃದಯ ನಿಲ್ಲಿಸುವ ಅಂಶವನ್ನು ಪ್ರತ್ಯೇಕಿಸಿ ಅದಕ್ಕೆ ‘ಕಾರ್ಡಿಯೋಟಾಕ್ಸಿನ್’, ಅಂದರೆ ಹೃದಯವಿಷ ಎಂಬ ಹೆಸರಿಟ್ಟರು. ಭಾರತೀಯ ವಿಜ್ಞಾನಿಯೊಬ್ಬರ ಮಹತ್ವದ ಸಾಧನೆ ಅದು. ಸುಮಾರು 60 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಮೂರು ಬೆರಳು ಚಾಚಿದ ಅಂಗೈಯಂಥ ಆಕಾರ. ಜೀವಕೋಶದ ಪೊರೆಗೆ ಅಂಟಿಕೊಂಡು ಅದನ್ನು ತೂತು ಮಾಡುತ್ತದೆ. ಕ್ಯಾಲ್ಸಿಯಂ ಒಳನುಗ್ಗಿ ಹೃದಯದ ಸ್ನಾಯು ಸಡಿಲವಾಗಲಾರದೆ ಸೆಟೆಯುತ್ತದೆ. ಎಲಿಯಟ್ ಕಂಡ ಮುಷ್ಟಿಯ ರಹಸ್ಯ ಇದೇ.

ತೊಡಕು ಶುರುವಾದದ್ದು ಹೆಸರಿನಿಂದ. ಈ ವಿಷದ ಗುರಿ ಹೃದಯವೊಂದೇ ಅಲ್ಲ. ಸಿಕ್ಕ ಕೋಶವನ್ನೆಲ್ಲ ಕೆಡಿಸುತ್ತದೆ. ನಾಗರ ಕಚ್ಚಿದ ಜಾಗ ಕಪ್ಪಾಗಿ, ಊದಿ, ಮಾಂಸ ಕೊಳೆತು ಉದುರುವುದು ಹೆಚ್ಚಾಗಿ ಇದರಿಂದಲೇ. ಹಾಗಾಗಿ ಈಗ ಹಲವರು ಇದನ್ನು ಕೋಶವಿಷ, ‘ಸೈಟೋಟಾಕ್ಸಿನ್’ ಎಂದೇ ಕರೆಯುತ್ತಾರೆ. ಪ್ರಯೋಗಶಾಲೆಯಲ್ಲಿ ಅಷ್ಟು ಭಯಂಕರವಾದದ್ದು ಆಸ್ಪತ್ರೆಯ ಹಾಸಿಗೆಯ ಮೇಲೆ ಹೃದಯಕ್ಕೆ ಅಷ್ಟಾಗಿ ಕೈಹಾಕುವುದು ಕಾಣುವುದಿಲ್ಲ. ಕಚ್ಚಿದ ಕಡೆಯ ಮಾಂಸಕ್ಕೇ ಅದು ಬಹುಮಟ್ಟಿಗೆ ಅಂಟಿಕೊಂಡು ಬಿಡುವುದರಿಂದ ಹೃದಯ ಮುಟ್ಟುವ ಪ್ರಮಾಣ ಕಡಿಮೆ ಎಂಬುದು ಒಂದು ವಿವರಣೆ. ನರವಿಷ ಮೊದಲೇ ಉಸಿರು ಕಟ್ಟಿಸುವುದರಿಂದ ಹೃದಯದ ತೊಂದರೆ ಮರೆಯಲ್ಲಿ ಉಳಿಯುತ್ತದೆ ಎಂಬುದು ಇನ್ನೊಂದು. ನನಗೆ ಮೊದಲನೆಯದು ಹೆಚ್ಚು ಸರಿ ಎನ್ನಿಸುತ್ತದೆ. ಉಸಿರನ್ನು ಯಂತ್ರ ನೋಡಿಕೊಂಡ ಮೇಲೂ ನಾಗರ ಕಚ್ಚಿದವರ ಹೃದಯ ಸಾಲುಸಾಲಾಗಿ ಕೈಕೊಡುವುದಿಲ್ಲವಲ್ಲ.

ಇಲ್ಲಿ ಕರ್ನಾಟಕದ ಒಂದು ಎಳೆ ಸೇರಿಕೊಳ್ಳುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹಾವಿನ ವಿಷದ ಸಂಶೋಧನೆ ಆರಂಭಿಸಿ ಮುಂದೆ ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡಿದ ಆರ್. ಮಂಜುನಾಥ ಕಿಣಿಯವರ ತಂಡ 2007ರಲ್ಲಿ ಕಾಳಿಂಗ ಸರ್ಪದ ವಿಷದಲ್ಲಿ ‘ಬೀಟಾ ಕಾರ್ಡಿಯೋಟಾಕ್ಸಿನ್’ ಎಂಬುದನ್ನು ವಿವರಿಸಿತು. ಅದೇ ಮೂರು ಬೆರಳಿನ ಆಕಾರ, ಆದರೆ ನಡತೆ ಬೇರೆ. ಕೋಶಕ್ಕೆ ತೂತು ಹಾಕುವುದಿಲ್ಲ. ರಕ್ತದೊತ್ತಡದ ರೋಗಿಗಳು ದಿನಾ ನುಂಗುವ ಬೀಟಾ ಬ್ಲಾಕರ್ ಮಾತ್ರೆಯ ಹಾಗೆ ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ಒಂದೇ ಮನೆತನದ ಎರಡು ಪ್ರೋಟೀನುಗಳು, ಒಂದು ಗುಂಡಿಗೆಯನ್ನು ಬಿಗಿಯುತ್ತದೆ, ಇನ್ನೊಂದು ಜೋಮು ಹಿಡಿಸುತ್ತದೆ. ‘ಹೃದಯವಿಷ’ ಎಂಬ ಒಂದೇ ಪದದಲ್ಲಿ ಎರಡನ್ನೂ ತುಂಬಿದರೆ ಅರ್ಥ ಕೆಡದೆ ಇರುತ್ತದೆಯೇ?

ಹೆಪ್ಪಿನ ಪಕ್ಷ

ಚರ್ಚೆಯ ನಡುಮನೆ ನಾಗರದ್ದಲ್ಲ, ಮಂಡಲದ ಹಾವುಗಳದ್ದು. ಕೊಳಕುಮಂಡಲ ಕಚ್ಚಿದ ಕೆಲವರಲ್ಲಿ ಗಂಟೆಗಳೊಳಗೆ ಎದೆನೋವು, ಇಸಿಜಿಯಲ್ಲಿ ಹೃದಯಾಘಾತದ್ದೇ ಗೆರೆಗಳು ಕಂಡುಬಂದ ವರದಿಗಳು ಭಾರತ, ಶ್ರೀಲಂಕಾಗಳಿಂದ ದಶಕಗಳಿಂದ ಬರುತ್ತಿವೆ. 1990ರಲ್ಲಿ ‘ಇಂಡಿಯನ್ ಹಾರ್ಟ್ ಜರ್ನಲ್’ ಹಾವು ಕಡಿತದ ಹೃದಯ ತೊಡಕುಗಳ ಬಗ್ಗೆಯೇ ಒಂದು ಲೇಖನ ಪ್ರಕಟಿಸಿತು. ಇಂಥವರಲ್ಲಿ ಬೀಡಿ ಸೇದದ, ಸಕ್ಕರೆ ಕಾಯಿಲೆ ಇಲ್ಲದ ಹರೆಯದವರೂ ಇದ್ದಾರೆ ಎಂಬುದೇ ವೈದ್ಯರನ್ನು ಬೆರಗುಗೊಳಿಸಿದ್ದು.

ಮೊದಲು ಹೊಳೆಯುವ ವಿವರಣೆ ಹೆಪ್ಪು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಸರಪಳಿಯ ಹತ್ತನೆಯ ಮತ್ತು ಐದನೆಯ ಅಂಶಗಳನ್ನು ಒಮ್ಮೆಲೇ ಚಾಲೂ ಮಾಡುತ್ತದೆ. ಇದು ಎಷ್ಟು ಪ್ರಬಲವೆಂದರೆ, 1934ರಲ್ಲಿ ಮ್ಯಾಕ್‌ಫಾರ್ಲೇನ್ ಮತ್ತು ಲಂಡನ್ ಮೃಗಾಲಯದ ಬಾರ್ನೆಟ್ ಇಬ್ಬರೂ ಈ ವಿಷವನ್ನು ತೆಳುಮಾಡಿ ಹೀಮೋಫಿಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಬಹುದೆಂದು ತೋರಿಸಿದರು. ಇವತ್ತಿಗೂ ಹೆಪ್ಪಿನ ಒಂದು ಲ್ಯಾಬ್ ಪರೀಕ್ಷೆಗೆ ಇದೇ ವಿಷ ಬೇಕು. ಇಂಥದ್ದು ಹೃದಯದ ನಾಳದಲ್ಲಿ ಗರಣೆ ಕಟ್ಟಿಸಿದರೆ ಆಶ್ಚರ್ಯವೇನು, ಎನ್ನುತ್ತಾರೆ ಹೆಪ್ಪಿನ ಪಕ್ಷದವರು.

ಆಕ್ಷೇಪಣೆಯೂ ಅಷ್ಟೇ ಸರಳ. ಇದೇ ರೋಗಿಯ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ಬಗ್ಗಿಸಿದರೆ ನೀರಿನಂತೆ ಹರಿಯುತ್ತದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಂಡಲದ ವಿಷ ಗುರುತಿಸುವುದು ಈ ಪರೀಕ್ಷೆಯಿಂದಲೇ. ಹೆಪ್ಪಿನ ಸಾಮಗ್ರಿ ಒಂದೇ ಸಲಕ್ಕೆ ಖರ್ಚಾಗಿ ರಕ್ತದಲ್ಲಿ ಏನೂ ಉಳಿದಿಲ್ಲ. ಒಸಡು, ಮೂತ್ರ, ಸೂಜಿ ಚುಚ್ಚಿದ ಜಾಗ, ಎಲ್ಲೆಡೆ ರಕ್ತ ಸೋರುತ್ತಿರುವವನ ಹೃದಯದಲ್ಲಿ ಮಾತ್ರ ಹೆಪ್ಪು ಹೇಗೆ? ಖರ್ಚಾಗುವ ಮುನ್ನದ ಆ ಕೆಲವು ನಿಮಿಷಗಳಲ್ಲಿ ಕಟ್ಟಿದ ಹೆಪ್ಪು ಎಂಬುದು ಈ ಪಕ್ಷದ ಮರುಮಾತು. ಆಂಜಿಯೋಗ್ರಾಂ ಮಾಡಿದ ಪ್ರಕರಣಗಳು ಯಾರನ್ನೂ ಪೂರ್ತಿ ಗೆಲ್ಲಿಸುವುದಿಲ್ಲ: ಕೆಲವರಲ್ಲಿ ನಾಳ ಮುಚ್ಚಿದ ಹೆಪ್ಪು ಸಿಕ್ಕಿದೆ, ಹಲವರಲ್ಲಿ ನಾಳಗಳು ಶುಭ್ರ.

ಹೆಪ್ಪಿನ ಪಕ್ಷಕ್ಕೆ ಅತಿ ಗಟ್ಟಿ ಸಾಕ್ಷಿ ಬಂದಿರುವುದು ನಮ್ಮ ನೆಲದಿಂದಲ್ಲ, ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಿಂದ. ಅಲ್ಲಿನ ಬೋಥ್ರೋಪ್ಸ್ ಲ್ಯಾನ್ಸಿಯೊಲೇಟಸ್ ಎಂಬ ಗುಳಿಮಂಡಲ ಕಚ್ಚಿದವರಿಗೆ ಒಂದೆರಡು ದಿನಗಳಲ್ಲಿ ಮಿದುಳು, ಹೃದಯ, ಶ್ವಾಸಕೋಶದ ನಾಳಗಳು ಮುಚ್ಚಿ ಪಾರ್ಶ್ವವಾಯು, ಹೃದಯಾಘಾತ ಆಗುತ್ತವೆ. ಸೋಜಿಗವೆಂದರೆ ಅವರಲ್ಲಿ ಬಹುಮಂದಿಯ ರಕ್ತ ನಮ್ಮ ಮಂಡಲದ ರೋಗಿಗಳದ್ದರಂತೆ ನೀರಾಗಿರುವುದಿಲ್ಲ. ಆ ಹಾವಿಗೆಂದೇ ತಯಾರಿಸಿದ ಪ್ರತಿವಿಷ ಬೇಗ ಕೊಟ್ಟರೆ ಈ ಅನಾಹುತ ತಪ್ಪುತ್ತದೆ. ಅಂದರೆ ವಿಷದಿಂದ ನಾಳ ಮುಚ್ಚುವುದು ಸಾಧ್ಯ ಎಂಬುದು ನಿಶ್ಚಿತ. ಆದರೆ ಅಲ್ಲಿ ತಪ್ಪಿರುವುದು ರಕ್ತದ ಕಡೆಯೋ, ರಕ್ತನಾಳದ ಒಳಪದರದ ಕಡೆಯೋ? ಒಳಪದರವೇ ಗಾಸಿಯಾಗಿದೆ ಎನ್ನುವವರ ದನಿ ಈಚೆಗೆ ಜೋರಾಗಿದೆ. ಹಾಗಿದ್ದರೆ ಮಾರ್ಟಿನಿಕ್‌ನ ಪಾಠವನ್ನು ಮಂಡ್ಯದ ಕೊಳಕುಮಂಡಲಕ್ಕೆ ಯಥಾವತ್ತು ಅನ್ವಯಿಸಲಾಗದು.

ಬದಿಮಾತೊಂದು. ನಮ್ಮ ಒಣಸೀಮೆಯ ಗರಗಸ ಮಂಡಲದ ವಿಷದಲ್ಲಿರುವ ಎಕಿಸ್ಟ್ಯಾಟಿನ್ ಎಂಬ ಪ್ರೋಟೀನು ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಅದರ ರಚನೆಯ ಸುಳಿವು ಹಿಡಿದು ತಯಾರಾದ ಟೈರೋಫೈಬಾನ್ 1998ರಿಂದ ಹೃದಯಾಘಾತದ ರೋಗಿಗಳಿಗೆ ಬಳಕೆಯಲ್ಲಿದೆ. ಹೆಪ್ಪು ಕಟ್ಟಿಸುವುದೂ ತಡೆಯುವುದೂ ಒಂದೇ ವಿಷದ ಚೀಲದಲ್ಲಿ.

ಬತ್ತಿದ ಬಾವಿಗೆ ಪಂಪು

ಇನ್ನೊಂದು ಪಕ್ಷದ ವಾದ ರೈತರಿಗೆ ಥಟ್ಟನೆ ತಿಳಿಯುವಂಥದ್ದು. ಪಂಪು ಕೆಟ್ಟಿಲ್ಲ, ಬಾವಿ ಬತ್ತಿದೆ. ಕೊಳಕುಮಂಡಲದ ವಿಷ ಸೂಕ್ಷ್ಮ ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ. ರಕ್ತದ ನೀರಿನ ಅಂಶ ಹೊರಬಿದ್ದು ಕೈಕಾಲು, ಕೆನ್ನೆ, ಕಣ್ಣಿನ ಬಿಳಿಭಾಗ ಕೂಡ ಊದಿಕೊಳ್ಳುತ್ತವೆ. ದಕ್ಷಿಣ ಭಾರತದ, ಅದರಲ್ಲೂ ಕೇರಳದ ವೈದ್ಯರು ಈ ಸೋರಿಕೆಯನ್ನು ಬಹಳ ವಿವರವಾಗಿ ದಾಖಲಿಸಿದ್ದಾರೆ. ಜತೆಗೆ ಒಳಗೆ ಹೊರಗೆ ರಕ್ತಸ್ರಾವ. ರಕ್ತದೊತ್ತಡ ನೆಲಕಚ್ಚಿದಾಗ ಹೃದಯದ ಸ್ವಂತ ನಾಳಗಳಿಗೇ ರಕ್ತ ಸಾಲದು. ನಾಳ ಮುಚ್ಚದೆಯೂ ಸ್ನಾಯು ಕಂಗೆಡುತ್ತದೆ, ಇಸಿಜಿ ಬದಲಾಗುತ್ತದೆ, ಹೃದಯದ ಗಾಯ ತೋರಿಸುವ ರಕ್ತದ ಅಂಶ ಟ್ರೋಪೋನಿನ್ ಏರುತ್ತದೆ. ಶುಭ್ರವಾದ ಆಂಜಿಯೋಗ್ರಾಂಗಳಿಗೆ ಇದಕ್ಕಿಂತ ಸಹಜ ವಿವರಣೆ ಇಲ್ಲ.

ಒತ್ತಡ ಕುಸಿಯುವುದಕ್ಕೆ ಸೋರಿಕೆಯೊಂದೇ ಕಾರಣವಲ್ಲ. 1949ರಲ್ಲಿ ಬ್ರೆಜಿಲಿನ ರೋಶಾ ಇ ಸಿಲ್ವಾ, ಬೆರಾಲ್ಡೊ, ರೋಸೆನ್‌ಫೆಲ್ಡ್ ಮೂವರು ಜರರಾಕಾ ಎಂಬ ಹಾವಿನ ವಿಷ ಸೇರಿದ ರಕ್ತದಲ್ಲಿ ನಾಳಗಳನ್ನು ಸಡಿಲಿಸುವ ಹೊಸ ವಸ್ತುವೊಂದು ಹುಟ್ಟುವುದನ್ನು ಕಂಡು ಬ್ರಾಡಿಕೈನಿನ್ ಎಂದು ಹೆಸರಿಟ್ಟರು. ಅದೇ ವಿಷದಲ್ಲಿ ಬ್ರಾಡಿಕೈನಿನ್ನಿನ ಬಲ ಹೆಚ್ಚಿಸುವ ಅಂಶವನ್ನು ಸೆರ್ಜಿಯೊ ಫೆರೇರಾ 1965ರಲ್ಲಿ ಗುರುತಿಸಿದರು. ಆ ಜಾಡು ಹಿಡಿದು ಹೋದದ್ದು ಕ್ಯಾಪ್ಟೋಪ್ರಿಲ್‌ವರೆಗೆ. ನಮ್ಮಲ್ಲಿ ಲಕ್ಷಾಂತರ ಮಂದಿ ರಕ್ತದೊತ್ತಡಕ್ಕೆ ನುಂಗುವ ‘ಪ್ರಿಲ್’ ಮಾತ್ರೆಗಳೆಲ್ಲ ಆ ವಂಶದವೇ. ವಿಷ ಒತ್ತಡ ಇಳಿಸುತ್ತದೆ ಎಂಬುದಕ್ಕೆ ಔಷಧದಂಗಡಿಯೇ ಸಾಕ್ಷಿ.

ಈ ಪಕ್ಷದಲ್ಲಿ ಇನ್ನೊಂದು ಒಳಕೋಣೆಯಿದೆ, ಬಹಳ ಮಂದಿ ಮರೆಯುವಂಥದ್ದು. ಕೊಳಕುಮಂಡಲದ ವಿಷ ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಗೆ ರಕ್ತ ತಪ್ಪಿಸಿ ಅದನ್ನು ಸಾಯಿಸಬಲ್ಲದು. ಬರ್ಮಾದಿಂದಲೂ ದಕ್ಷಿಣ ಭಾರತದಿಂದಲೂ ಇಂಥ ಪ್ರಕರಣಗಳು ವರದಿಯಾಗಿವೆ. ಗ್ರಂಥಿ ಸತ್ತರೆ ಕಾರ್ಟಿಸಾಲ್ ಹುಟ್ಟುವುದಿಲ್ಲ. ಎಷ್ಟು ಬಾಟಲಿ ಸಲೈನ್ ಏರಿಸಿದರೂ ಒತ್ತಡ ಏಳುವುದಿಲ್ಲ. ಹೃದಯ ಸೋತಿದೆ ಎಂದು ಎಲ್ಲರೂ ಕೈಚೆಲ್ಲುವ ಹೊತ್ತಿಗೆ ಬೇಕಾಗಿದ್ದದ್ದು ಅಗ್ಗದ ಸ್ಟಿರಾಯ್ಡ್ ಚುಚ್ಚುಮದ್ದು. ಬದುಕಿ ಮನೆಗೆ ಹೋದ ಕೆಲವರು ತಿಂಗಳು, ವರ್ಷಗಳ ಮೇಲೆ ಸುಸ್ತು, ಮೈಕೂದಲು ಉದುರುವುದು, ಮುಟ್ಟು ನಿಲ್ಲುವುದು ಎಂದು ಬರುತ್ತಾರೆ. ಹಳೆಯ ಹಾವಿನ ಕಡಿತವನ್ನು ಆಗ ಕೇಳುವ ವೈದ್ಯರು ಎಷ್ಟು ಜನ?

ನಾಳ ಹಿಂಡುವ ವಿಷ, ಮದ್ದಿನ ಮುನಿಸು

ನಾಳ ಮುಚ್ಚದೆ, ಒತ್ತಡವೂ ಬೀಳದೆ ಹೃದಯಾಘಾತವಾದರೆ? ನಾಳವೇ ಹಿಂಡಿಕೊಂಡಿರಬೇಕು ಎನ್ನುತ್ತದೆ ಮತ್ತೊಂದು ಪಕ್ಷ. ಇದಕ್ಕೆ ಪಠ್ಯಪುಸ್ತಕದಂಥ ಉದಾಹರಣೆ ಇಸ್ರೇಲಿನ ಸುತ್ತಮುತ್ತ ನೆಲದೊಳಗೆ ಬದುಕುವ ಅಟ್ರಾಕ್ಟಾಸ್ಪಿಸ್ ಎಂಬ ಹಾವು. ಅದರ ವಿಷದ ಸಾರಾಫೊಟಾಕ್ಸಿನ್ ಹೃದಯದ ನಾಳಗಳನ್ನು ಬಲವಾಗಿ ಹಿಂಡುತ್ತದೆ, ಹೃದಯದೊಳಗಿನ ವಿದ್ಯುತ್ ಸಂದೇಶಕ್ಕೂ ಅಡ್ಡಗಟ್ಟುತ್ತದೆ. ನಮ್ಮ ದೇಹವೇ ತಯಾರಿಸುವ ಎಂಡೋಥೀಲಿನ್ ಎಂಬ ವಸ್ತು 1988ರಲ್ಲಿ ಪತ್ತೆಯಾದಾಗ ಎರಡೂ ಅಣ್ಣತಮ್ಮಂದಿರಂತೆ ಇರುವುದು ಕಂಡು ಸಂಶೋಧಕರು ಬೆಚ್ಚಿದರು. ನಮ್ಮ ನಾಲ್ಕು ದೊಡ್ಡ ವಿಷದ ಹಾವುಗಳಾದ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ಮಟ್ಟಿಗೆ ಈ ವಾದ ಇನ್ನೂ ಹೋಲಿಕೆಯ ಮೇಲೆ ನಿಂತಿದೆ.

ನಮಗೆ ಹೆಚ್ಚು ಹತ್ತಿರದ್ದು ಅಲರ್ಜಿಯ ಹಿಂಡುವಿಕೆ. ಗ್ರೀಸಿನ ನಿಕೋಲಸ್ ಕೌನಿಸ್ 1991ರಲ್ಲಿ ವಿವರಿಸಿದ ಸ್ಥಿತಿಗೆ ಅವರದೇ ಹೆಸರಿದೆ. ಮೈಗೆ ಒಗ್ಗದ ವಸ್ತು ಒಳಹೊಕ್ಕಾಗ ಕೆಲವು ಕೋಶಗಳು ಒಡೆದು ಹಿಸ್ಟಮಿನ್ ಮುಂತಾದವು ಹೊರಬಿದ್ದು ಹೃದಯದ ನಾಳ ಹಿಂಡಿಕೊಳ್ಳುತ್ತದೆ. ಹಾವು ಕಡಿತದಲ್ಲಿ ಒಗ್ಗದ ವಸ್ತುಗಳು ಎರಡು: ಒಂದು ವಿಷ, ಇನ್ನೊಂದು ಆಸ್ಪತ್ರೆಯಲ್ಲಿ ಎಎಸ್‌ವಿ ಎಂದೇ ಕರೆಯುವ ಪ್ರತಿವಿಷ. ಕುದುರೆಯ ರಕ್ತದಿಂದ ತಯಾರಾಗುವ ಎಎಸ್‌ವಿಗೆ ಅಲರ್ಜಿ ಅಪರೂಪವಲ್ಲ. ಚುಚ್ಚಿದ ಹತ್ತು ನಿಮಿಷಕ್ಕೆ ತುರಿಕೆ, ನಡುಕ, ಒತ್ತಡ ಕುಸಿತ, ಎದೆನೋವು ಬಂದರೆ ಅಪರಾಧಿ ಯಾರು? ಕಡಿತಕ್ಕೂ ಚುಚ್ಚುಮದ್ದಿಗೂ ನಡುವಿನ ಹೊತ್ತನ್ನು ಬರೆಯದ ವರದಿಗಳಿಂದ ಇದನ್ನು ಬಿಡಿಸಲಾಗದು. ಹಾಗೆ ಬರೆಯದ ವರದಿಗಳೇ ಹೆಚ್ಚು. ಇದನ್ನು ಓದಿ ಎಎಸ್‌ವಿ ಬೇಡವೆಂದು ಯಾರೂ ತಿಳಿಯಕೂಡದು. ಅದರ ಅಲರ್ಜಿಯನ್ನು ನಿಭಾಯಿಸಬಹುದು; ವಿಷಕ್ಕೆ ಅದಲ್ಲದೆ ಬೇರೆ ಮದ್ದಿಲ್ಲ.

ನರ, ಪೊಟ್ಯಾಶಿಯಂ, ಹೆದರಿಕೆ

ಕರಾವಳಿಯವರು ಕಡಂಬಳ ಎನ್ನುವ ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ; ನಸುಕಿನಲ್ಲಿ ಹೊಟ್ಟೆನೋವು, ರೆಪ್ಪೆ ಜೋಲುವುದು, ಆಮೇಲೆ ಉಸಿರಿನ ತೊಡಕು. ಹೃದಯ ನಿಲ್ಲುವುದು ಸಾಮಾನ್ಯವಾಗಿ ಉಸಿರು ನಿಂತದ್ದರಿಂದ. ಆದರೆ ವೆಂಟಿಲೇಟರಿನಲ್ಲಿ ಸುರಕ್ಷಿತವಾಗಿರುವ ರೋಗಿಯಲ್ಲೂ ನಾಡಿ ಓಡುವುದು, ಒತ್ತಡ ವಿಪರೀತ ಏರುವುದು, ಪೊಟ್ಯಾಶಿಯಂ ಇಳಿಯುವುದು ಕಂಡುಬರುತ್ತದೆ. ಅನೈಚ್ಛಿಕ ನರಗಳ ಲಗಾಮು ತಪ್ಪಿದ ಗುರುತು ಅದು. ಕಡಲಹಾವಿನ ವಿಷದ್ದು ತಿರುಗುಮುರುಗು ಕಥೆ: ಸ್ನಾಯುಗಳು ಕರಗಿ ಪೊಟ್ಯಾಶಿಯಂ ಏರುತ್ತದೆ. ಕೊಳಕುಮಂಡಲದಿಂದ ಮೂತ್ರಪಿಂಡ ಕೆಟ್ಟವರಲ್ಲೂ ಮೂರು ನಾಲ್ಕು ದಿನಗಳ ಮೇಲೆ ಹಾಗೆಯೇ ಏರಿ ಹೃದಯ ಥಟ್ಟನೆ ನಿಲ್ಲಬಹುದು. ಈ ಸಾವನ್ನು ಡಯಾಲಿಸಿಸ್ ತಪ್ಪಿಸುತ್ತದೆ.

ಇನ್ನು ಹೆದರಿಕೆ. ತೀವ್ರ ಆಘಾತದಲ್ಲಿ ಹೃದಯದ ಎಡ ಕೋಣೆಯ ತುದಿ ಬಲೂನಿನಂತೆ ಉಬ್ಬಿ ಬಡಿಯುವುದನ್ನು ಬಿಡುವ ‘ಟಕೊತ್ಸುಬೊ’ ಸ್ಥಿತಿಯನ್ನು ಜಪಾನಿನ ವೈದ್ಯರು 1990ರಲ್ಲಿ ಹೆಸರಿಸಿದರು. ಅಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರು ಅದು. ಉಬ್ಬಿದ ಹೃದಯದ ಆಕಾರ ಆ ಮಡಕೆಯದ್ದೇ. ಹಾವು ಕಡಿತದ ನಂತರ ಇದು ಕಂಡ ವರದಿಗಳು ಬೆರಳೆಣಿಕೆಯವು, ಆದರೆ ಇವೆ. ‘ಎದೆ ಒಡೆದುಕೊಂಡ’ ಎಂಬ ಹಳ್ಳಿಯ ಮಾತು ಇಷ್ಟರಮಟ್ಟಿಗೆ ಮರ್ಯಾದೆ ಪಡೆದಿದೆ. ಆದರೂ ಎಚ್ಚರ ಬೇಕು. ‘ಹೆದರಿಕೆಗೆ ಸತ್ತ’ ಎಂಬ ತೀರ್ಪು ನಮ್ಮಲ್ಲಿ ಬಹಳ ಸಲ ಆಸ್ಪತ್ರೆಗೆ ತಡವಾಗಿ ಒಯ್ದದ್ದನ್ನು ಮುಚ್ಚುವ ಹಚ್ಚಡವಾಗಿದೆ.

ಗಡಿಯಾರದ ವಾದ

ಇಷ್ಟೆಲ್ಲ ಪಕ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗನ್ನಿಸುವುದು ಒಂದು. ಇವರೆಲ್ಲ ಜಗಳವಾಡುತ್ತಿರುವುದು ಬೇರೆ ಬೇರೆ ಹೊತ್ತಿನ ರೋಗಿಯನ್ನು ನೋಡಿಕೊಂಡು. ಮೊದಲ ಗಂಟೆಯ ಕುಸಿತ, ಮೊದಲ ದಿನದ ಸೋರಿಕೆ ಮತ್ತು ರಕ್ತಸ್ರಾವ, ನಾಲ್ಕನೆಯ ದಿನದ ಪೊಟ್ಯಾಶಿಯಂ, ತಿಂಗಳ ಮೇಲಿನ ಪಿಟ್ಯೂಟರಿ, ಇವು ಒಂದೇ ಪ್ರಶ್ನೆಗೆ ಪೈಪೋಟಿಯ ಉತ್ತರಗಳಲ್ಲ, ನಾಲ್ಕು ಬೇರೆ ಪ್ರಶ್ನೆಗಳು. ಯಾವ ಹಾವು, ಎಷ್ಟು ಹೊತ್ತಿನ ಹಿಂದೆ ಎಂಬ ಎರಡು ವಿವರ ಸಿಕ್ಕರೆ ಅರ್ಧ ವ್ಯಾಜ್ಯ ಅಲ್ಲೇ ತೀರುತ್ತದೆ.

ಆದರೆ ಮೊದಲ ಗಂಟೆ ಮಾತ್ರ ಈ ಜಾಣತನಕ್ಕೆ ಬಗ್ಗುವುದಿಲ್ಲ. ಆಸ್ಟ್ರೇಲಿಯದ ಕಂದುಹಾವು ಕಚ್ಚಿದವರಲ್ಲಿ ಕೆಲವರು ಆ ಗಂಟೆಯೊಳಗೇ ದಿಢೀರನೆ ಕುಸಿದು ಹೃದಯ ನಿಂತು ಸಾಯುತ್ತಾರೆ. ಆ ದೇಶದ ಹಾವು ಕಡಿತದ ಸಾವುಗಳಲ್ಲಿ ಆಸ್ಪತ್ರೆಯ ಹೊರಗೇ ಆಗುವ ಈ ಬಗೆಯದ್ದು ದೊಡ್ಡ ಪಾಲು. ಆ ಹಾವಿನ ವಿಷವೂ ಹೆಪ್ಪು ಕಟ್ಟಿಸುವಂಥದ್ದು, ಹಾಗಾಗಿ ಹೃದಯ, ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಕ್ಷಣಕಾಲ ಹೆಪ್ಪು ನಿಲ್ಲುತ್ತದೆ ಎಂದು ಮೊದಲು ಊಹಿಸಿದರು. ಪ್ರಾಣಿ ಪ್ರಯೋಗಗಳಲ್ಲಿ ಬೇರೆಯೇ ಸಂಗತಿ ಹೊರಬಿತ್ತು: ಮೊದಲು ಚೂರು ವಿಷ ಕೊಟ್ಟು ಆಮೇಲೆ ಪೂರಾ ಪ್ರಮಾಣ ಕೊಟ್ಟರೆ ಕುಸಿತ ತಪ್ಪುತ್ತಿತ್ತು. ದೇಹದೊಳಗೆ ಕೂಡಿಟ್ಟ ಯಾವುದೋ ರಾಸಾಯನಿಕವನ್ನು ವಿಷ ಒಮ್ಮೆಗೇ ಸುರಿಸುತ್ತದೆ, ಸುರಿದು ಬರಿದಾದ ಮೇಲೆ ಎರಡನೆಯ ಏಟು ತಾಗುವುದಿಲ್ಲ ಎಂದು ಅರ್ಥ ಮಾಡಿಕೊಳ್ಳಬಹುದು. ನಮ್ಮ ಕೊಳಕುಮಂಡಲ ಕಚ್ಚಿ ಹತ್ತು ಹದಿನೈದು ನಿಮಿಷಕ್ಕೆ ಕಣ್ಣುಕತ್ತಲೆ ಬಂದು ಬೀಳುವವರಲ್ಲೂ ಇದೇ ನಡೆಯುತ್ತಿದೆಯೇ ಎಂದು ನೋಡಲು, ಆ ಹದಿನೈದು ನಿಮಿಷದಲ್ಲಿ ಗದ್ದೆಯ ಬದುವಿಗೆ ಇಸಿಜಿ ಯಂತ್ರ ಹೋಗಬೇಕು.

ಚಿಕಿತ್ಸೆಯ ಇಕ್ಕಟ್ಟು

ವಾದಗಳು ಬೇರೆಯಾದರೆ ಮದ್ದೂ ಬೇರೆಯಾಗುತ್ತದೆ. ಒಬ್ಬರ ಮದ್ದು ಇನ್ನೊಬ್ಬರಿಗೆ ವಿಷವೂ ಆದೀತು. ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದು ಜೀವ ಉಳಿಸುತ್ತದೆ. ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಟೆನೆಕ್ಟೆಪ್ಲೇಸ್ ಎಂಬ ಅಂಥ ಚುಚ್ಚುಮದ್ದು ಉಚಿತವಾಗಿ ಸಿಗುವಂತಾದದ್ದು ನಿಜವಾಗಿಯೂ ಒಳ್ಳೆಯ ಕೆಲಸ. ಆದರೆ ಅದೇ ಇಸಿಜಿ ಗೆರೆ ಕೊಳಕುಮಂಡಲ ಕಚ್ಚಿದವನದ್ದಾಗಿದ್ದು, ನಳಿಕೆಯಲ್ಲಿ ಅವನ ರ‌ಕ್ತ ನೀರಾಗಿದ್ದರೆ ಆ ಚುಚ್ಚುಮದ್ದು ಮಿದುಳಿನಲ್ಲಿ ರಕ್ತಸ್ರಾವ ತಂದೀತು. ಹೆಪ್ಪು ತಡೆಯಲು ಹೆಪಾರಿನ್ ಕೊಟ್ಟರೇನು ಎಂಬುದನ್ನು 1980ರ ದಶಕದ ಕೊನೆಯಲ್ಲಿ ಬರ್ಮಾದಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿದರು, ಲಾಭ ಕಾಣಲಿಲ್ಲ. ಹೆಪ್ಪಿನ ಪಕ್ಷಕ್ಕೆ ಅದು ದೊಡ್ಡ ಹಿನ್ನಡೆ, ಅದನ್ನು ಆ ಪಕ್ಷದವರು ಅಷ್ಟಾಗಿ ನೆನೆಯುವುದಿಲ್ಲ. ಸಲೈನ್ ಏರಿಸದಿದ್ದರೆ ಒತ್ತಡ ಏಳದು, ಹೆಚ್ಚು ಏರಿಸಿದರೆ ಸೋರುವ ನಾಳಗಳಿಂದ ಶ್ವಾಸಕೋಶ ತುಂಬಿಕೊಳ್ಳುತ್ತದೆ.

ಅಡ್ರಿನಾಲಿನ್‌ನದ್ದು ಇನ್ನೂ ಸೂಕ್ಷ್ಮ. ಹೃದಯಕ್ಕೆ ಭಾರವಾದೀತೆಂದು ಅದನ್ನು ಕೊಡಲು ವೈದ್ಯರು ಅಳುಕುತ್ತಾರೆ. ಆದರೆ ಶ್ರೀಲಂಕಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಎಸ್‌ವಿಗೆ ಮೊದಲು ಚರ್ಮದಡಿ ಕೊಟ್ಟ ಅಲ್ಪ ಪ್ರಮಾಣದ ಅಡ್ರಿನಾಲಿನ್ ಮೊದಲ ಗಂಟೆಯ ತೀವ್ರ ಅಲರ್ಜಿಗಳನ್ನು ಶೇ. 43ರಷ್ಟು ತಗ್ಗಿಸಿತು. ಹಾವು ಕಡಿತದ ಚಿಕಿತ್ಸೆಯಲ್ಲಿ ಇಷ್ಟು ಖಚಿತವಾದ ಸಾಕ್ಷ್ಯ ವಿರಳ.

ಎಲ್ಲ ಪಕ್ಷಗಳೂ ಒಪ್ಪುವ ಒಂದೇ ಮಾತು ಎಎಸ್‌ವಿ ಬೇಗ ಸಿಗಬೇಕು ಎಂಬುದು. ಅಲ್ಲಿಯೂ ತಕರಾರಿದೆ. ಭಾರತದ ಎಎಸ್‌ವಿ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ. ಅದಕ್ಕೆ ಬೇಕಾದ ವಿಷದ ಬಹುಪಾಲು ಬರುತ್ತಿದ್ದದ್ದು ಚೆನ್ನೈ ಬಳಿಯ, 1978ರಲ್ಲಿ ಶುರುವಾದ, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ, ಒಂದು ಕಡೆಯ ವಿಷದಿಂದ ತಯಾರಿಸಿದ ಮದ್ದು ಇನ್ನೊಂದು ಕಡೆ ಸೊರಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ ತೋರಿಸಿದೆ. ಪಶ್ಚಿಮ ಘಟ್ಟದ ಉಬ್ಬುಮೂಗಿನ ಗುಳಿಮಂಡಲ ಪ್ರಾಣಾಪಾಯ ತರಬಲ್ಲದೆಂದು ಕೇರಳದ ವೈದ್ಯರು 2007ರಲ್ಲಿ ಖಚಿತಪಡಿಸಿದರು. ಅದಕ್ಕೆ ನಮ್ಮಲ್ಲಿ ಮದ್ದೇ ಇಲ್ಲ.

ಇತ್ಯರ್ಥವಾಗದೆ ಉಳಿದದ್ದು

ಕೊಳಕುಮಂಡಲದ ಹೃದಯಾಘಾತಗಳಲ್ಲಿ ಹೆಪ್ಪಿನದ್ದೆಷ್ಟು, ಒತ್ತಡ ಕುಸಿತದ್ದೆಷ್ಟು, ಹಿಂಡುವಿಕೆಯದ್ದೆಷ್ಟು? ಒಂದೊಂದು ರೋಗಿಯ ವರದಿಗಳನ್ನು ಎಷ್ಟು ಪೇರಿಸಿದರೂ ಈ ಪ್ರಮಾಣ ತಿಳಿಯದು. ವಿಚಿತ್ರವಾದದ್ದನ್ನೇ ವೈದ್ಯರು ಬರೆದು ಕಳಿಸುತ್ತಾರೆ, ಸಾಮಾನ್ಯವಾದದ್ದು ಕೇಸ್ ಶೀಟಿನಲ್ಲೇ ಉಳಿಯುತ್ತದೆ. ಏರಿದ ಟ್ರೋಪೋನಿನ್ ಹೃದಯದ ನಿಜವಾದ ಗಾಯವೋ, ಮೂತ್ರಪಿಂಡ ಕೆಟ್ಟ ನೆರಳೋ ಎಂಬುದೂ ತೀರ್ಮಾನವಾಗಿಲ್ಲ. ಎಎಸ್‌ವಿ ಹರಿಯುವ ವಿಷವನ್ನು ಹಿಡಿಯುತ್ತದೆ ಸರಿ, ಹೃದಯಕ್ಕೆ ಆಗಲೇ ಆದ ಹಾನಿಯನ್ನು ಹಿಂದಕ್ಕೆ ತರುತ್ತದೆಯೇ? ಹೃದಯದ ತೊಡಕಿನಿಂದ ಪಾರಾಗಿ ಮನೆಗೆ ಹೋದವರ ಹೃದಯ ಐದು ವರ್ಷದ ಮೇಲೆ ಹೇಗಿರುತ್ತದೆ? ಈ ಪ್ರಶ್ನೆಯನ್ನು ಹಿಂಬಾಲಿಸಿ ಹೋದವರು ಬಹಳ ಕಡಿಮೆ.

ಉತ್ತರ ಹುಡುಕಲು ಈಗ ಒಂದು ಅವಕಾಶ ಬಂದಿದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಮಾರ್ಚಿನಲ್ಲಿ ಕೇಂದ್ರ ಸರಕಾರ 2030ರೊಳಗೆ ಹಾವು ಕಡಿತದ ಸಾವನ್ನು ಅರ್ಧಕ್ಕಿಳಿಸುವ ಕಾರ್ಯಯೋಜನೆ ಪ್ರಕಟಿಸಿತು. ಖಾಸಗಿ ಆಸ್ಪತ್ರೆಗಳೂ ಈಗ ಲೆಕ್ಕ ಕೊಡಬೇಕು. ಆ ವರದಿಯ ನಮೂನೆಯಲ್ಲಿ ಹಾವು, ಕಚ್ಚಿದ ಹೊತ್ತು, ಎಎಸ್‌ವಿ ಕೊಟ್ಟ ಹೊತ್ತು, ಮೊದಲ ಇಸಿಜಿ ಎಂಬ ನಾಲ್ಕು ಕಾಲಂ ತಪ್ಪದೆ ತುಂಬುವಂತಾದರೆ ಮೇಲಿನ ಅರ್ಧ ಪ್ರಶ್ನೆಗಳಿಗೆ ಹೊಸ ಪ್ರಯೋಗಶಾಲೆ ಬೇಕಾಗದು.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಇಷ್ಟು. ಮನೆಯಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿಮದ್ದಿಗೆ ಹೊತ್ತು ಕಳೆಯುವುದು ಬೇಡ. ಗಡಿಯಾರ ನೋಡಿ ಹೊತ್ತು ನೆನಪಿಟ್ಟುಕೊಂಡು ನೇರ ಆಸ್ಪತ್ರೆಗೆ ಹೊರಡಿ. ಅವರಿಗೆ ಹೃದಯದ ಕಾಯಿಲೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಬಾಗಿಲಲ್ಲೇ ಹೇಳಿ. ಎದೆನೋವು, ತಣ್ಣನೆ ಬೆವರು, ಕಣ್ಣುಕತ್ತಲೆ ಕಂಡರೆ ಒಂದು ಇಸಿಜಿ ತೆಗೆಯಿರೆಂದು ಕೇಳಿ. ಆ ಕಾಗದವನ್ನು ಜೋಪಾನವಾಗಿಡಿ. ದೊಡ್ಡಾಸ್ಪತ್ರೆಗೆ ಕಳಿಸಿದರೆ ಅಲ್ಲಿನ ವೈದ್ಯರಿಗೆ ಹೋಲಿಸಿ ನೋಡಲು ಬೇಕಾಗುವುದು ಅದೇ.